ನಮ್ಮದೇ ಡಿಪಾರ್ಟ್‌ಮೆಂಟಿನ ಕ್ಯಾಂಪು

ನಮ್ಮ ಸೋದರತ್ತೆ ಸೂರ್ಯನ ಜೊತೆ ಜಗಳ ಆಡುತ್ತಿದ್ದಳು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನನಗೇನೂ ನಷ್ಟವಿಲ್ಲ! ಆದರೆ ಯುಗಾದಿ ಕಳೆದ ಮೇಲಿನ ರಣಬಿಸಿಲಲ್ಲಿ, ನಮ್ಮೂರ ಬೀದಿಯ ನಟ್ಟನಡುವೆ ನಿಂತು, ತಲೆಯೆತ್ತಿ, "ಉರಿ, ಇನ್ನೂ ಉರಿ. ನಿಂಗೂ ಸಾಯಂಕಾಲ ಆಯ್ತದೆ ಕಣೋ!" ಎಂದು ಅವಳು ಗದರಿದ್ದನ್ನು ನಾನು ಈ ಎರಡು ಕಿವಿಗಳಿಂದ ಕೇಳಿದ್ದೇನೆ. ಸಾಯಂಕಾಲ ಆದದ್ದೂ ನಿಜ. ಗೆದ್ದವರು ಯಾರು ಅಂತ ನೀವೇ ಹೇಳಿ!

ಅತ್ತೆ ಎಂದರೆ ನಮ್ಮ ಅಪ್ಪನ ಅಕ್ಕ. ಪಿರಿಯಾಪಟ್ಟಣದ ಕಡೆಗೆ ಮದುವೆಯಾಗಿ ಹೋದವಳು ಇಪ್ಪತ್ತನಾಲ್ಕಕ್ಕೇ ಗಂಡನನ್ನು ಕಳೆದುಕೊಂಡು, ಒಂದು ಟ್ರಂಕು, ಎರಡು ಎಮ್ಮೆ ಮತ್ತು ಗಂಡನ ಕರಿ ಛತ್ರಿಯ ಸಮೇತ ಹುಣಸೂರಿನ ಪಕ್ಕದ ನಮ್ಮ ಹಳ್ಳಿಗೆ ವಾಪಸು ಬಂದಿದ್ದಳು. ಟ್ರಂಕಿಗೂ ಎಮ್ಮೆಗೂ ಯಾರ ತಕರಾರೂ ಇರಲಿಲ್ಲ. ಛತ್ರಿಯದೇ ಗಲಾಟೆ. ಆ ಕಾಲದಲ್ಲಿ ನಮ್ಮೂರಲ್ಲಿ ಛತ್ರಿ ಹಿಡಿಯುವ ಅಧಿಕಾರ ಇದ್ದದ್ದು ಮೂವರಿಗೆ: ಶಾನುಭೋಗರಿಗೆ, ಮೇಷ್ಟರಿಗೆ, ಮದುವೆಯ ದಿನ ಮದುವೆ ಗಂಡಿಗೆ. ಇವಳೋ ಎಮ್ಮೆ ಮೇಯಿಸಲೂ ಛತ್ರಿ ಬಿಚ್ಚಿಕೊಂಡೇ ಹೊರಟಳು.

ಜಗಲಿಯ ಮೇಲಿದ್ದ ತಾತ ಕೇಳಿದರು: "ಎಣ್ಣೆಂಗ್ಸು ಛತ್ರಿ ಇಡ್ಕೊಂಡ್ ಓಡಾಡುದ್ರೆ ಊರೋರು ಏನಂದಾರು?"

"ಊರೋರ ತಲೆ ಮ್ಯಾಲೆ ಇಡಿದಿಲ್ಲ ಕಣಪ್ಪ. ನನ್ ತಲೆ ಮ್ಯಾಲೆ ಇಡ್ಕೊಂಡಿವ್ನಿ."

ತಾತ ಎರಡು ದಿನ ಮಾತಾಡಲಿಲ್ಲ. ನಮ್ಮ ಮನೆಯಲ್ಲಿ ಕಾನೂನು ಎಂದರೆ ತಾತನ ಮೌನ. ಅಪ್ಪ, ಅವ್ವ, ಆಮೇಲೆ ಹುಟ್ಟಿದ ನಾನು, ನನ್ನ ತಮ್ಮ ಎಲ್ಲರೂ ಆ ಮೌನಕ್ಕೆ ಹೆದರುತ್ತಿದ್ದೆವು. ಅತ್ತೆ ಮಾತ್ರ, "ಅಬ್ಬ, ಮನೆ ಎಷ್ಟ್ ತಣ್ಣಗದೆ!" ಎನ್ನುತ್ತ ಹಾಯಾಗಿ ಎಲೆಯಡಿಕೆ ಮೆಲ್ಲುತ್ತಿದ್ದಳು.

ಇಂಥವಳ ತಲೆಗೆ 'ಕ್ಯಾಂಪು' ಎಂಬ ಹುಳ ಹೊಕ್ಕಿದ್ದು ಪೇಟೆಯ ಒಂದು ಕಚೇರಿಯಲ್ಲಿ. ಯಾವ ಕಚೇರಿ ಅಂತ ಹೇಳುವುದು ಬೇಡ. ಎಲ್ಲ ಕಚೇರಿಗಳೂ ಒಂದೇ ತರ ಇರುವಾಗ ಒಂದರ ಹೆಸರು ಹೇಳಿ ಉಳಿದವಕ್ಕೆ ಯಾಕೆ ಅನ್ಯಾಯ ಮಾಡಲಿ? ಜಮೀನಿನ ಒಂದು ಕಾಗದಕ್ಕಾಗಿ ಅತ್ತೆ ಅಲ್ಲಿಗೆ ತಿರುಗಿ ತಿರುಗಿ ಚಪ್ಪಲಿ ಸವೆಸಿದ್ದಳು. ಹೋದಾಗಲೆಲ್ಲ ಬಾಗಿಲಲ್ಲಿ ಜವಾನನದು ಒಂದೇ ಮಾತು: "ಸಾಹೇಬ್ರು ಕ್ಯಾಂಪ್ ಹೋಗಿದಾರೆ."

ಕೊನೆಗೊಂದು ದಿನ ಅತ್ತೆ ಅವನ ಮುಂದೆಯೇ ಕೂತು ಕೇಳಿದಳಂತೆ: "ಅದೇನಯ್ಯ ಅದು, ಕ್ಯಾಂಪು?"

"ಊರಾಚೆ ಎಲ್ಲಾದ್ರೂ ಹೊಳೆ ದಂಡೇಲಿ ಗುಡಾರ ಹಾಕ್ಕೊಂಡು ಇರೋದು ಕಣಮ್ಮ."

"ಅಲ್ಲೇನ್ ಕೆಲ್ಸ ಮಾಡ್ತಾರೆ?"

ಜವಾನ ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದ: "ಕೆಲ್ಸ ಮಾಡಂಗಿದ್ರೆ ಕ್ಯಾಂಪ್‌ಗೆ ಯಾಕಮ್ಮ ಹೋಗ್ತಾರೆ?"

ಅತ್ತೆ ಮನೆಗೆ ಬಂದವಳು ಎರಡು ದಿನ ಯೋಚನೆ ಮಾಡಿದಳು. ಮೂರನೆಯ ದಿನ ಊಟಕ್ಕೆ ಕೂತಾಗ, ಸಾರು ಸುರಿದುಕೊಳ್ಳುತ್ತ, ನಾಳೆ ಸಂತೆಗೆ ಹೋಗುವ ಸುದ್ದಿ ಹೇಳುವಷ್ಟೇ ಸಲೀಸಾಗಿ ಹೇಳಿದಳು: "ಸೋಮ್ವಾರ ನಾವೆಲ್ಲ ಕ್ಯಾಂಪ್ ಓಯ್ತಾ ಇದೀವಿ."

ತಾತನ ಕೈಯಲ್ಲಿದ್ದ ಮುದ್ದೆಯ ತುತ್ತು ಅಲ್ಲೇ ನಿಂತಿತು. "ಮನೆ ಇಲ್ದೋರು ಬಯಲಲ್ ಮಲಗ್ತಾರೆ. ನಮಗೇನ್ ಬಂದದೆ?"

"ಸಾಹೇಬ್ರಿಗೂ ಮನೆ ಅದೆ ಕಣಪ್ಪ. ನಮ್ಮಂಗೆ ಎರಡಂಕಣದ್ದಲ್ಲ, ಬಂಗ್ಲೆ."

"ಬಿಸ್ಲು ಕಣಕ್ಕ…" ಎಂದು ಅಪ್ಪ ಮೆಲ್ಲಗೆ ಬಾಯಿ ಹಾಕಿದರು.

"ಮನೆ ಒಳಗ್ ಕೂತ್ರೆ ಬಿಸ್ಲು ಕ್ವಾಪ ಮಾಡ್ಕೊಂಡು ವಾಪಸ್ ಓಯ್ತದಾ?"

ತಾತ ತೀರ್ಪು ಕೊಟ್ಟರು: "ನೀನ್ ಬೇಕಾದ್ರೆ ಓಗು."

"ನಾನ್ ಒಬ್ಳೇ ಓದ್ರೆ ಕ್ಯಾಂಪು ಅನ್ನಾಕಿಲ್ಲ, ಮುನಿಸ್ಕೊಂಡ್ ಓದ್ಲು ಅಂತಾರೆ. ನಿನ್ ಸೊಸೇನೂ ಕರ್ಕೊಂಡ್ ಓಯ್ತೀನಿ. ಅವ್ಳು ಬಂದ್ರೆ ನೀನೂ ಬರ್ಲೇಬೇಕು, ನಿನ್ ಮಗನೂ ಬರ್ಲೇಬೇಕು. ಇಲ್ಲಿ ಮುದ್ದೆ ಯಾರ್ ತಿರುವ್ತಾರೆ?"

ವಾದ ಅಲ್ಲಿಗೆ ಮುಗಿಯಿತು. ಇಡೀ ಮನೆ ನಿಂತದ್ದೇ ಅವ್ವ ತಿರುವುವ ಮುದ್ದೆಯ ಮೇಲೆ.

ಅವ್ವನ ವಿಷಯ ಇಲ್ಲಿ ಒಂದು ಮಾತು ಹೇಳಬೇಕು. ಆ ಸಂಕ್ರಾಂತಿಯ ಸುಮಾರಿಗೆ ಅವಳಿಗೊಂದು ಹೆಣ್ಣು ಕೂಸು ಹುಟ್ಟಿ, ಆರನೆಯ ದಿನ ಹೋಗಿಬಿಟ್ಟಿತ್ತು. ಗಂಡಸರು ಹೋಗಿ ಮಣ್ಣು ಮಾಡಿ ಬಂದು ಸ್ನಾನ ಮಾಡಿದರು. ಹೆಂಗಸರು ಬಂದು, "ಅಳಬ್ಯಾಡ ಕಣವ್ವ, ಇನ್ನೆರಡು ಅವಲ್ಲ" ಎಂದು ನಮ್ಮನ್ನು ತೋರಿಸಿ ಹೋದರು. ಅವ್ವ ಅಳಲಿಲ್ಲ. ಕೆಲವೇ ದಿನಕ್ಕೆ ಒಲೆಯ ಮುಂದೆ ಕೂತಳು. ಕೂತವಳು ಏಳಲೇ ಇಲ್ಲ. ಮನೆಯಲ್ಲಿದ್ದವರು ಆರು ಜನ. ಅವ್ವ ಅಟ್ಟು ಹಾಕುತ್ತಿದ್ದುದು ಹದಿನಾರು ಜನಕ್ಕೆ. ಮಾತು ನಿಂತುಹೋಗಿತ್ತು. ನನಗಾಗ ಹನ್ನೊಂದು ವರ್ಷ, ಹೆಚ್ಚೇನೂ ತಿಳಿಯುತ್ತಿರಲಿಲ್ಲ. ನನ್ನ ಜಡೆ ಹೆಣೆಯುವಾಗ ಅವ್ವನ ಕೈ ಅರ್ಧದಲ್ಲೇ ನಿಂತುಬಿಡುತ್ತಿತ್ತು. ಎಷ್ಟೋ ಹೊತ್ತು ನಾನೂ ಅಲ್ಲಾಡದೆ ಕೂತಿರುತ್ತಿದ್ದೆ. ನನಗೆ ಗೊತ್ತಿದ್ದದ್ದು ಅಷ್ಟೇ.

ಇನ್ನು ಎಲ್ಲಿಗೆ ಹೋಗುವುದು? ಅತ್ತೆಯ ಕ್ಯಾಂಪಿಗೆ ಹೊಳೆ ಬೇಕು. ನಮ್ಮ ಲಕ್ಷ್ಮಣತೀರ್ಥ ಆ ಬೇಸಿಗೆಯಲ್ಲಿ ಕಾಗೆಗಳು ಸರದಿಯ ಸಾಲಲ್ಲಿ ನಿಂತು ನೀರು ಕುಡಿಯುವಷ್ಟು ಸೊರಗಿತ್ತು. "ಕೆ.ಆರ್. ನಗರದ ಕಡೆ ಓಗಾನ, ಕಾವೇರಿ ಅದೆ" ಎಂದರು ಅಪ್ಪ. "ಅಲ್ಲಿ ಎಜ್ಜೆಗೊಬ್ರು ನೆಂಟ್ರವ್ರೆ. ಮನೆಗ್ ಎಳ್ಕೊಂಡ್ ಓಯ್ತಾರೆ. ಇವ್ಳು ಅಲ್ಲೂ ಒಲೆ ಮುಂದೆ ಕೂತ್ಕೋತಾಳೆ. ನೆಂಟ್ರೇ ಇಲ್ಲದ ಒಳೆ ಬೇಕು" ಎಂದಳು ಅತ್ತೆ. ನೆಂಟರಿಲ್ಲದ ಹೊಳೆ ಎಂದರೆ ಎಚ್.ಡಿ. ಕೋಟೆಯ ಆಚೆ, ಕಾಡಂಚಿನ ಕಬಿನಿ. ಅಣೆಕಟ್ಟು ಆಗ ಇನ್ನೂ ಎದ್ದಿರಲಿಲ್ಲ; ಹೊಳೆ ತನ್ನ ಪಾಡಿಗೆ ತಾನು ಬಂಡೆಗಳ ನಡುವೆ ಹರಿಯುತ್ತಿತ್ತು.

ಎಮ್ಮೆಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಹೊರಟೆವು. ಎರಡು ದಿನದ ಗಾಡಿ ದಾರಿ. ಆ ಬಿಸಿಲನ್ನು ಏನೆಂದು ವರ್ಣಿಸಲಿ! ಗಾಡಿಯ ಚಕ್ರದ ಪಟ್ಟಿ ಮುಟ್ಟಿದರೆ ಬೆರಳು ಚುರುಕ್ಕೆನ್ನುತ್ತಿತ್ತು. ಹೂಜಿಯ ನೀರಿಗೇ ಬಾಯಾರಿಕೆಯಾಗಿ ತನ್ನನ್ನು ತಾನೇ ಕುಡಿದುಕೊಂಡು ಖಾಲಿಯಾಗುತ್ತಿತ್ತು. ಒಂದು ಓತಿಕ್ಯಾತ ನೆರಳಿಗಾಗಿ ನಮ್ಮ ಗಾಡಿಯ ಕೆಳಗೇ ಸುಮಾರು ದೂರ ನಡೆದು ಬಂತು. ನಾನು, ತಮ್ಮ ಬಗ್ಗಿ ನೋಡಿದ್ದೇವೆ. ಎತ್ತುಗಳು ಹತ್ತು ಗಂಟೆಯಾದರೆ ಮರದ ಕೆಳಗೆ ನಿಂತು, 'ಬೇಕಾದರೆ ನೀವು ಎಳೆಯಿರಿ, ನಾವು ಕೂರುತ್ತೇವೆ' ಎನ್ನುವ ಹಾಗೆ ತಿರುಗಿ ನೋಡುತ್ತಿದ್ದವು. ತಾತ ಗಾಡಿಯ ಮೂಲೆಯಲ್ಲಿ ತಲೆಗೆ ಒದ್ದೆ ಟವಲು ಸುತ್ತಿಕೊಂಡು, ಮೌನದ ಅಸ್ತ್ರ ಹಿಡಿದು ಕೂತಿದ್ದರು.

ಆ ಅಸ್ತ್ರ ಮುರಿದು ಬಿದ್ದದ್ದು ಕೋಟೆಯ ಹತ್ತಿರದ ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯಲ್ಲಿ. ಎತ್ತುಗಳಿಗೆ ನೀರು ತೋರಿಸಲು ನಿಂತಾಗ, ಕಾಫಿ ಅಂಗಡಿಯ ಬೆಂಚಿನಿಂದ ಒಬ್ಬ ನಮ್ಮ ಗಾಡಿಯ ಬಿದಿರು, ಟಾರ್ಪಾಲು, ಪಾತ್ರೆಗಳನ್ನು ನೋಡಿ ಕೇಳಿದ: "ಯಾರ್ ಮದ್ವೆ ದಿಬ್ಬಣ ಕಣಮ್ಮೋ?"

"ದಿಬ್ಬಣ ಅಲ್ಲ. ಕ್ಯಾಂಪು."

"ಕ್ಯಾಂಪಾ? ಯಾವ್ ಡಿಪಾರ್ಟ್‌ಮೆಂಟು? ಕಾಡಿಂದೋ, ನೀರಾವರೀದೋ?"

"ನಮ್ದೇ ಡಿಪಾರ್ಟ್‌ಮೆಂಟು!" ಎಂದಳು ಅತ್ತೆ.

ಆ ಮನುಷ್ಯ ಎದ್ದು ನಿಂತ! ಹೆಗಲ ಮೇಲಿನ ವಸ್ತ್ರ ಕೆಳಗಿಳಿಸಿದ! ಒದ್ದೆ ಟವಲಿನ ತಾತನೇ ದೊಡ್ಡ ಸಾಹೇಬರು ಎಂದು ತೀರ್ಮಾನಿಸಿ, ಒಂದು ಲೋಟ ಕಾಫಿ ತಂದು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ತಾತ ಕುಡಿದರು. ಮೀಸೆ ಒರೆಸಿಕೊಂಡು, "ಉಂ, ಪರ್ವಾಗಿಲ್ಲ" ಎಂದರು. ಅಲ್ಲಿಂದ ಮುಂದಕ್ಕೆ ಅವರು ಗಾಡಿಯ ಮೂಲೆ ಬಿಟ್ಟು ಮುಂಭಾಗದಲ್ಲಿ ನೆಟ್ಟಗೆ ಕೂತದ್ದನ್ನೂ, ದಾರಿಯಲ್ಲಿ ಎದುರಾದವರಿಗೆಲ್ಲ ಗಂಭೀರವಾಗಿ ತಲೆಯಾಡಿಸಿದ್ದನ್ನೂ ನಾವು ಕಂಡೂ ಕಾಣದಂತೆ ಇದ್ದೆವು.

ಹೊಳೆ ದಂಡೆ ತಲುಪಿದಾಗ ನಡು ಮಧ್ಯಾಹ್ನ. ಮರಳಿನ ಮೇಲೆ ಬಿದಿರು ನೆಟ್ಟು ಗುಡಾರ ಎಬ್ಬಿಸಿದ್ದಾಯಿತು. ಗುಡಾರವೇನೋ ಚೆನ್ನಾಗಿಯೇ ನಿಂತಿತು. ಆದರೆ ಆ ಟಾರ್ಪಾಲು ಯಾವುದು ಅಂತ ಕೇಳಿ! ಮನೆಯಲ್ಲಿ ಹೊಗೆಸೊಪ್ಪಿನ ಬೇಲುಗಳಿಗೆ ಹೊದಿಸುತ್ತಿದ್ದದ್ದು. ಎಷ್ಟೋ ವರ್ಷದ ಹೊಗೆಸೊಪ್ಪಿನ ಘಾಟು ಅದರ ನೂಲುನೂಲಿನಲ್ಲಿ ಮಲಗಿತ್ತು. ಬಿಸಿಲು ತಾಗಿದ್ದೇ ತಡ, ಎಲ್ಲ ಒಟ್ಟಿಗೆ ಎದ್ದು ಕೂತಿತು. ಮೊದಲು ಒಳಗೆ ಹೋದ ತಾತ ಒಂದೇ ಉಸಿರಿಗೆ ಒಂಬತ್ತು ಸಲ ಸೀನಿದರು. ಅವರನ್ನು ಹಿಡಿಯಲು ಹೋದ ಅಪ್ಪ ಸೀನಿದರು. ತಮ್ಮ ಸೀನಿದ, ನಾನು ಸೀನಿದೆ. ಗುಡಾರಕ್ಕೆ ಕಟ್ಟಿದ್ದ ಎಡಗಡೆಯ ಎತ್ತು ಸೀನಿತು! ಅತ್ತೆಯ ಮೂಗೂ ಅರಳಿತು, ಕಣ್ಣು ಮುಚ್ಚಿತು, "ಆಕ್ಷಿ!"

"ಅತ್ತೆ, ನೀನೂ ಸೀನ್ದೆ!" ಎಂದ ತಮ್ಮ.

"ಸೀನಲ್ಲ ಕಣ್ಲಾ. ನಗು," ಎಂದಳು ಅತ್ತೆ, ಮೂಗು ಒರೆಸಿಕೊಳ್ಳುತ್ತ. "ಒಳ್ಳೇದೇ ಆಯ್ತು ಬುಡು. ಸೊಳ್ಳೆ ಒಳೀಕೆ ಬರಾಕಿಲ್ಲ."

ಸೊಳ್ಳೆ ಬರಲಿಲ್ಲ, ನಿಜ. ನಾವೂ ಒಳಗೆ ಹೋಗಲಿಲ್ಲ.

ಈ ಸೀನಿನ ಸದ್ದಿಗೇ ಇರಬೇಕು, ಹತ್ತಿರದ ಹಾಡಿಯ ಗುಡಿಸಲುಗಳ ಕಡೆಯಿಂದ ಒಬ್ಬ ಅಜ್ಜಿ ಬಂದಳು. ಜೇನುಕುರುಬರವಳು, ಕಂಕುಳಲ್ಲಿ ಗೆಡ್ಡೆಗೆಣಸಿನ ಬುಟ್ಟಿ. ಗುಡಾರವನ್ನು ಒಂದು ಸುತ್ತು ಹಾಕಿ ನೋಡಿ, ನಕ್ಕು, ಆಮೇಲೆ ನಿಧಾನವಾಗಿ ಹೇಳಿದಳು: "ಅಮ್ಮ, ಇದು ಆನೆ ನೀರಿಗೆ ಬರೋ ದಾರಿ."

"ಇಷ್ಟಗಲ ದಂಡೆ ಅದೆ. ಆನೆ ಸುತ್ತಾಕೊಂಡು ಓಗ್ಲಿ," ಎಂದಳು ಅತ್ತೆ.

ಅಜ್ಜಿ ಅತ್ತೆಯನ್ನು ಮೇಲಿಂದ ಕೆಳಗೆ ನೋಡಿದಳು. "ಆನೇನೂ ನಿಮ್ ತರಾನೇ ಅಮ್ಮ. ಸುತ್ತಾಕೊಂಡು ಓಗಾಕಿಲ್ಲ."

ಅತ್ತೆ ಹೊಳೆಯ ಆಚೆ ದಡಕ್ಕೆ ಕೇಳುವ ಹಾಗೆ ನಕ್ಕಳು. ನಮ್ಮ ಜೀವಮಾನದಲ್ಲಿ ಅತ್ತೆ ಒಬ್ಬರ ಮಾತು ಕೇಳಿ ಜಾಗ ಬದಲಾಯಿಸಿದ್ದನ್ನು ನೋಡಿದ್ದು ಅದೊಂದೇ ಸಲ. ಅಜ್ಜಿಯೇ ತೋರಿಸಿದ ಒಂದು ಮತ್ತಿಮರದ ಬುಡಕ್ಕೆ ಗುಡಾರ ಕಿತ್ತು ಸಾಗಿಸಿದೆವು. ಯಾವ ಮಡುವಿನಲ್ಲಿ ಮೊಸಳೆ, ಎಲ್ಲಿ ಮೊಣಕಾಲುದ್ದ ನೀರು ಎಂಬುದನ್ನೂ ಅವಳೇ ಹೇಳಿಕೊಟ್ಟಳು. ಟಾರ್ಪಾಲು ಕೊಡವಿದಾಗ ಉದುರಿದ ಹೊಗೆಸೊಪ್ಪಿನ ಪುಡಿಯನ್ನು ಒಂದು ಚೂರೂ ಬಿಡದೆ ಬಳಿದುಕೊಂಡು, ಬುಟ್ಟಿಯ ಅರ್ಧ ಗೆಣಸನ್ನು ನಮಗೆ ಸುರಿದಳು. ಆಮೇಲೆ ದಿನಾ ಬಂದು ಅತ್ತೆಯ ಪಕ್ಕ ಕೂತು ಎಲೆಯಡಿಕೆ ಹಾಕುತ್ತಿದ್ದಳು.

ಸಂಜೆಗೆ ಅವ್ವ ಅಭ್ಯಾಸ ಬಲದಿಂದ ಎದ್ದು ಕಲ್ಲುಗಳನ್ನು ಜೋಡಿಸಿ ಒಲೆ ಹೂಡಲು ಹೋದಳು. ಅತ್ತೆ ಸೆರಗು ಹಿಡಿದು ಕೂರಿಸಿದಳು. ಅವ್ವ ಮತ್ತೆ ಎದ್ದಳು. ಅತ್ತೆ ಮತ್ತೆ ಕೂರಿಸಿದಳು. ಮೂರನೆಯ ಸಲಕ್ಕೆ ಅತ್ತೆ ಒಂದು ಕಡ್ಡಿ ತೆಗೆದುಕೊಂಡು ಒಲೆಗೂ ಅವ್ವನಿಗೂ ನಡುವೆ ಮರಳಲ್ಲಿ ಉದ್ದಕ್ಕೆ ಗೆರೆ ಎಳೆದಳು. (ಲಕ್ಷ್ಮಣತೀರ್ಥದ ನೀರು ಕುಡಿದವಳಲ್ಲವೇ, ಗೆರೆ ಎಳೆಯುವುದು ರಕ್ತದಲ್ಲೇ ಇತ್ತು!)

"ಈ ಗೆರೆ ದಾಟುದ್ರೆ ನಾನ್ ಊಟ ಬುಡ್ತೀನಿ. ಕ್ಯಾಂಪಲ್ಲಿ ಸಾಹೇಬ್ರ ಎಂಡ್ತಿ ಅಡಿಗೆ ಮಾಡ್ತಾಳಾ? ಜವಾನ ಮಾಡ್ತಾನೆ."

"ಜವಾನ ಯಾರಕ್ಕ ಇಲ್ಲಿ?" ಎಂದು ಅಪ್ಪ ಪಾಪ ಮುಗ್ಧವಾಗಿ ಕೇಳಿದರು.

ಅತ್ತೆ ಅಪ್ಪನನ್ನೇ ನೋಡಿದಳು.

ಹೀಗೆ ನಮ್ಮ ಅಪ್ಪ ತಮ್ಮ ಮೂವತ್ತಾರನೆಯ ವಯಸ್ಸಿನಲ್ಲಿ ಮೊದಲ ಸಲ ಮುದ್ದೆ ತಿರುವಿದರು. ಹೊಗೆಗೆ ಕೆಮ್ಮಿದರು, ಕೈ ಸುಟ್ಟುಕೊಂಡರು, ಹಿಟ್ಟಿನ ಕೋಲು ಒಂದು ಸಲ ಹೊಳೆಗೇ ಹಾರಿತು. ಕೊನೆಗೆ ಎಲೆಯ ಮೇಲೆ ಬಂದು ಬಿದ್ದ ವಸ್ತುವನ್ನು ತಾತ ಬೆರಳಿನಿಂದ ತಟ್ಟಿ ನೋಡಿದರು. ಟಕ್ ಎಂದಿತು.

"ಇದ್ನ ಕವಣೆಗಿಟ್ಟು ಬೀಸುದ್ರೆ ಆನೆ ಈ ಕಡೆ ತಲೆ ಆಕಿ ಮಲಗಾಕಿಲ್ಲ ಕಣ್ಲಾ," ಎಂದರು.

ಅವ್ವ ಆ ಗಂಟುಗಂಟು ಮುದ್ದೆಯನ್ನು ಮಾತಿಲ್ಲದೆ ಉಂಡಳು. ಅವಳು ಕೂತ ಕಡೆಗೇ ಬಿಸಿ ಮುದ್ದೆ ಬಂದದ್ದನ್ನು ನಾನು ಅವತ್ತಿಗೂ ಮುಂಚೆ ಯಾವತ್ತೂ ನೋಡಿರಲಿಲ್ಲ. ಅವಳಿಗೆ ಕೈ ಎಲ್ಲಿಡಬೇಕು ಅಂತಲೇ ಗೊತ್ತಾಗುತ್ತಿರಲಿಲ್ಲ. ಮಡಿಲಲ್ಲಿ ಇಟ್ಟುಕೊಂಡು, ಮತ್ತೆ ತೆಗೆದು, ಮತ್ತೆ ಮಡಿಲಲ್ಲೇ ಇಟ್ಟುಕೊಳ್ಳುತ್ತಿದ್ದಳು.

ಮೂರನೆಯ ದಿನ ಕಾಡಿನ ಕಡೆಯಿಂದ ಒಬ್ಬ ಗಾರ್ಡು ಬಂದ. ಖಾಕಿ ಚಡ್ಡಿ, ಕೈಯಲ್ಲೊಂದು ಬೆತ್ತ. ಬೆತ್ತದಿಂದ ಗುಡಾರವನ್ನು ತಿವಿದು, ಒಳಗೆ ಇಣುಕಿ, ಕ್ರಮವಾಗಿ ನಾಲ್ಕು ಸಲ ಸೀನಿ, ಕಣ್ಣು ಕೆಂಪು ಮಾಡಿಕೊಂಡು ಹೊರಗೆ ಬಂದ.

"ಯಾರ್ರೀ ನೀವು? ಇಲ್ಲಿರೋಕೆ ಪರ್ಮಿಶನ್ ಅದಾ?"

ಅಪ್ಪ ಸೌಟು ಹಿಡಿದುಕೊಂಡೇ ಎದ್ದು ನಿಂತರು. ಅತ್ತೆ ಕೂತಲ್ಲಿಂದ ಕದಲಲಿಲ್ಲ. "ಪರ್ಮಿಶನ್ ಯಾರ್ ಕೊಡೋದು?"

"ಸಾಹೇಬ್ರು."

"ಎಲ್ಲವ್ರೆ ಸಾಹೇಬ್ರು? ನಡೀರಿ, ಈಗ್ಲೇ ಬತ್ತೀನಿ."

ಗಾರ್ಡು ಸ್ವಲ್ಪ ತಡವರಿಸಿದ. "ಸಾಹೇಬ್ರು… ಕ್ಯಾಂಪ್ ಓಗವ್ರೆ."

"ಅಂಗಾರೆ ಅವ್ರು ಬರೋಗಂಟ ನಾವೂ ಕ್ಯಾಂಪಲ್ಲೇ ಇರ್ತೀವಿ ಬುಡಿ!"

ಹಾಡಿಯ ಅಜ್ಜಿ ಎಲೆಯಡಿಕೆಯ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಆಮೇಲೆ ತಾತ ಮೆಲ್ಲಗೆ ಎದ್ದು ಬಂದರು. ಮಗಳನ್ನು ಗದರಿ ಗಂಟುಮೂಟೆ ಕಟ್ಟಿಸುತ್ತಾರೆ ಅಂತಲೇ ನನ್ನ ಎಣಿಕೆ. ತಾತ ಗಾರ್ಡಿನ ಹೆಗಲ ಮೇಲೆ ಕೈಯಿಟ್ಟು, ಹ್ಯಾಂಡ್‌ಪೋಸ್ಟಿನಲ್ಲಿ ಕಲಿತ ಗತ್ತಿನಲ್ಲಿ, "ಕೂತ್ಕೊಳಪ್ಪ. ಊಟ ಮಾಡ್ಕೊಂಡ್ ಓಗು," ಎಂದರು. ಅವನು ಅಪ್ಪನ ಮುದ್ದೆಯನ್ನು ಅರ್ಧ ಉಂಡ. ಮತ್ತೆ ಆ ಕಡೆಗೆ ಬರಲಿಲ್ಲ. ಕಾನೂನಿಗಿಂತ ಕಠಿಣವಾದದ್ದು ಒಂದಿದೆ ಎಂದು ಅವನಿಗೆ ಗೊತ್ತಾಗಿರಬೇಕು!

ಐದನೆಯ ದಿನ ಹಿಂತಿರುಗಿದೆವು. ಅಪ್ಪನ ಎರಡೂ ಅಂಗೈಯಲ್ಲಿ ಬೊಬ್ಬೆ. ತಮ್ಮನ ಮೈತುಂಬ ಬೆವರುಸಾಲೆ. ನನ್ನ ಮೂಗಿನ ಸಿಪ್ಪೆ ಆಲೂಗೆಡ್ಡೆಯ ಹಾಗೆ ಸುಲಿದಿತ್ತು. ಸೀನಿ ಸೀನಿ ತಾತನ ಗಂಟಲು ಕಟ್ಟಿಹೋಗಿತ್ತು. ಅಂಥ ಒಡಕು ದನಿಯಲ್ಲೇ ಅವರು ಗಾಡಿಯಲ್ಲಿ ಯಾರ ಮುಖವನ್ನೂ ನೋಡದೆ ಕೇಳಿದರು: "ಮುಂದ್ಲ ವರ್ಸ ಯಾವ್ ಕಡೆ ಕ್ಯಾಂಪು?"

ನಾಲ್ಕನೆಯ ದಿನದ ಸಂಗತಿಯನ್ನು ನಾನು ಬೇಕೆಂದೇ ಬಿಟ್ಟಿದ್ದೆ. ಅದನ್ನು ನಗುನಗುತ್ತ ಹೇಳುವುದು ಇವತ್ತಿಗೂ ನನಗೆ ಬರುವುದಿಲ್ಲ.

ಅವತ್ತು ಮಧ್ಯಾಹ್ನ ಬಿಸಿಲು ತಡೆಯಲಾರದೆ ಅವ್ವ ಸೀರೆಯ ಸಮೇತ ಹೊಳೆಗಿಳಿದು, ಮೊಣಕಾಲುದ್ದದ ನೀರಿನಲ್ಲಿ ಕೂತುಬಿಟ್ಟಳು. ಅತ್ತೆಯೂ ಹೋಗಿ ಪಕ್ಕದಲ್ಲಿ ಕೂತಳು. ನಾನು, ತಮ್ಮ ಸ್ವಲ್ಪ ದೂರದಲ್ಲಿ ಟವಲು ಹಿಡಿದು ಮೀನುಮರಿಗಳನ್ನು ಅಟ್ಟುತ್ತಿದ್ದೆವು. ಆಗ ಒಂದು ಸದ್ದು ಕೇಳಿತು. ಕಾಡಿನಿಂದ ಏನೋ ಪ್ರಾಣಿ ಕೂಗಿತೆಂದು ನಾನು ತಿರುಗಿ ನೋಡಿದೆ. ಪ್ರಾಣಿಯಲ್ಲ, ಅವ್ವ. ತಲೆ ಮೇಲೆತ್ತಿ, ಬಾಯಿ ತೆರೆದು, ಅವ್ವ ಅಳುತ್ತಿದ್ದಳು.

ಮರದ ಕೆಳಗಿದ್ದ ತಾತ ದಡಬಡಿಸಿ ಎದ್ದರು. "ಯಾರ್ಲಾ ಏನಂದ್ರು ಅವ್ಳಿಗೆ? ಯಾಕ್ ಅಳ್ತಾವ್ಳೆ?"

ಅತ್ತೆ ತಿರುಗಿಯೂ ನೋಡದೆ ಕೂಗಿದಳು: "ಯಾರೂ ಏನೂ ಅಂದಿಲ್ಲ! ಅಳಾಕೇ ಕರ್ಕೊಂಡ್ ಬಂದಿವ್ನಿ. ನಿನ್ ಮನೇಲಿ ಅಳಾಕೆ ಎಲ್ಲದೆ ಜಾಗ? ಒಲೆ ಮುಂದೆ ಅತ್ರೆ ಒಗೆ ಅಂದ್ಕೋತೀರಿ. ನೀನ್ ಕೂತ್ಕೊಳಪ್ಪ!"

ತಾತ ಕೂತರು. ಅಪ್ಪ ಒಲೆಯ ಹತ್ತಿರ ನಿಂತವರು ನಿಂತೇ ಇದ್ದರು. ಒಲೆ ಆರಿಹೋದದ್ದೂ ಅವರಿಗೆ ತಿಳಿಯಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅಳು ಬಿಕ್ಕಿಗೆ ಇಳಿಯಿತು. ನಾನು ನೀರಲ್ಲಿ ಮೆಲ್ಲಗೆ ನಡೆದು ಅವರ ಹತ್ತಿರ ಹೋದೆ. ಕೂಸನ್ನು ತಾನೂ ಕಂಡಿದ್ದ ಅತ್ತೆ ಕೇಳುತ್ತಿದ್ದಳು, ನಾನು ಅವಳ ಬಾಯಲ್ಲಿ ಯಾವತ್ತೂ ಕೇಳದ ಒಂದು ಸಣ್ಣ ದನಿಯಲ್ಲಿ:

"ಯಾರಂಗಿತ್ತು ಕಣಮ್ಮಿ, ಕೂಸು?"

ಅಷ್ಟು ದಿನದಲ್ಲಿ ಅವ್ವನನ್ನು ಯಾರೂ ಆ ಮಾತು ಕೇಳಿರಲಿಲ್ಲ. ಅವ್ವ ನೀರನ್ನೇ ನೋಡುತ್ತ ಹೇಳಿದಳು:

"ನಿಮ್ಮಂಗೇ ಅತ್ಗೆಮ್ಮ. ಇದೇ ಮೂಗು. ಆರು ದಿನಾನೂ ಮುಷ್ಟಿ ಬಿಚ್ಲೇ ಇಲ್ಲ. ಬಿಚ್ಚಾಕೆ ಓದ್ರೆ ಇನ್ನೂ ಬಿಗೀತಿತ್ತು."

ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿರುತ್ತಿದ್ದ ಅತ್ತೆ ಬೊಗಸೆಯಲ್ಲಿ ಹೊಳೆಯ ನೀರು ಮೊಗೆದು ಮುಖಕ್ಕೆ ಎರಚಿಕೊಂಡಳು. ಮತ್ತೆ ಮೊಗೆದಳು, ಮತ್ತೆ ಎರಚಿಕೊಂಡಳು. ಆಮೇಲೆ ನೀರೊಳಗಿದ್ದ ಅವ್ವನ ಕೈಯನ್ನು ಹುಡುಕಿ ತೆಗೆದು, ತನ್ನ ಎರಡೂ ಕೈಗಳ ಒಳಗೆ ಇಟ್ಟುಕೊಂಡು, ಹೊತ್ತು ಇಳಿಯುವವರೆಗೂ ಹಾಗೇ ಬಿಗಿಯಾಗಿ ಹಿಡಿದು ಕೂತಿದ್ದಳು.